ಒಂದು ದಿನ ರಸ್ತೆ ಮುಚ್ಚಿದರೆ ಯಾರ ಗಂಟು ಹೋಗುತ್ತೆ?

ಭಾನುವಾರ ಬಂತೆಂದರೆ ಕಡೂರು-ಚಿಕ್ಕಮಗಳೂರು ರಸ್ತೆ ಬದಿ ಮನೆ ಮಾಡಿಕೊಂಡವರಿಗೆ ಅಲಾರಂ ಬೇಕಿಲ್ಲ. ಎರಡನೇ ಲೋಟ ಕಾಫಿ ಕೈಗೆ ಬರುವಷ್ಟರಲ್ಲಿ ಬೆಂಗಳೂರಿನ ಬೈಕುಗಳು ಸಾಲು ಹಿಡಿದಿರುತ್ತವೆ. ಮೊಣಕಾಲಿಗೆ ಚಿಪ್ಪು, ಬೆನ್ನಿಗೆ ಚಿಪ್ಪು, ಹೆಲ್ಮೆಟ್ ನೆತ್ತಿಯ ಮೇಲೊಂದು ಪುಟ್ಟ ಕ್ಯಾಮೆರಾ. ಎಲ್ಲರದೂ ಮುಳ್ಳಯ್ಯನಗಿರಿಗೇ ದಾರಿ. ಗಿರಿ ಹತ್ತಲು ಈಗ ಮುಂಗಡ ಬುಕಿಂಗ್ ಮಾಡಿಸಿರಬೇಕು ಅನ್ನೋದು ಬೇರೆ ಮಾತು. ಆದರೆ ನಮ್ಮೂರು ಸಖರಾಯಪಟ್ಟಣ ದಾಟೋದಕ್ಕೆ ಯಾವ ಬುಕಿಂಗೂ ಇಲ್ಲವಲ್ಲ, ಹಾಗಾಗಿ ಇಲ್ಲೇ ಕೈ ತಿರುವುತ್ತಾರೆ.

ಮೊನ್ನೆ ಬೇಲಿಯಾಚೆ ಪೂಜೆಗೆ ದಾಸವಾಳ ಕೀಳುತ್ತಿದ್ದ ಮೇಷ್ಟ್ರು, ನಿವೃತ್ತರಾಗಿ ವರ್ಷಗಳಾದರೂ ಊರಿಗೆಲ್ಲ ಇನ್ನೂ ಮೇಷ್ಟ್ರೇ, ಒಂದು ಬೈಕು ಸುಂಯ್ಯನೆ ಹೋದದ್ದನ್ನು ನೋಡಿ ಅಂದರು: "ಇವರಿಗೆ ವರ್ಷಕ್ಕೊಂದು ದಿನ ಈ ರಸ್ತೆ ಪೂರ್ತಿ ಮುಚ್ಚಿ, ತಗೊಳ್ರಪ್ಪಾ, ಎಷ್ಟು ಬೇಕೋ ಅಷ್ಟು ಓಡಿಸಿ ಅಂದುಬಿಡಬೇಕು ಕಣ್ರೀ. ಚಟ ತೀರಿ ಹೋಗುತ್ತೆ. ಒಂದು ದಿನಕ್ಕೆ ಯಾರ ಗಂಟು ಹೋಗುತ್ತೆ?"

"ಮುಚ್ಚೋರು ಯಾರು ಮೇಷ್ಟ್ರೇ?"

"ಅದೇನ್ ಮಹಾ! ಪಂಚಾಯ್ತಿಗೊಂದು ಅರ್ಜಿ ಬರೆಯೋದು, ಸ್ಟೇಷನ್ನಿಗೆ ಹೋಗಿ ಸಾಹೇಬರಿಗೊಂದು ಮಾತು ಹೇಳೋದು."

ಹೂವಿನ ಬುಟ್ಟಿ ಹಿಡಿದವರ ಹತ್ತಿರ ವಾದ ಮಾಡಬಾರದು ಅಂತ ಮೊದಲು ಸುಮ್ಮನಿದ್ದೆ. ಆದರೆ ಕಾಯ್ದೆ ಪುಸ್ತಕ ಹೇಳೋದೇ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಅಂತ ಒಂದಿದೆ. ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ರೇಸಾಗಲಿ, ಯಾವುದೇ ಬಗೆಯ ವೇಗ ಪರೀಕ್ಷೆಯಾಗಲಿ ನಡೆಸಬೇಕಾದರೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಅದೂ ಬಾಯಿಮಾತಿನ ಒಪ್ಪಿಗೆಯಲ್ಲ, ಲಿಖಿತ ಒಪ್ಪಿಗೆ. ಇಲ್ಲದೆ ಓಡಿಸಿದರೆ ಮೊದಲು ತಿಂಗಳ ಜೈಲು ಇಲ್ಲವೇ ಐನೂರು ರೂಪಾಯಿ ದಂಡ ಇತ್ತು. 2019ರ ತಿದ್ದುಪಡಿ ಬಂದ ಮೇಲೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬುದ್ಧಿ ಬಾರದೆ ಮತ್ತೆ ಸಿಕ್ಕಿಬಿದ್ದರೆ ವರ್ಷದವರೆಗೆ ಜೈಲು, 10,000ದವರೆಗೆ ದಂಡ. ಅದರಲ್ಲೊಂದು ತಮಾಷೆ ನೋಡಿ: ರೇಸಿನಲ್ಲಿ ಭಾಗವಹಿಸಿದವನು ಮಾತ್ರವಲ್ಲ, ರೇಸಿಗೆ ಅವಕಾಶ ಕೊಟ್ಟವನೂ ಅಪರಾಧಿಯೇ. ಅಂದರೆ ಮೇಷ್ಟ್ರ ಮಾತು ಕೇಳಿ ಯಾರಾದರೂ "ಆಗಲಿ, ಓಡಿಸಿಕೊಳ್ಳಿ" ಅಂತ ತಲೆಯಾಡಿಸಿದರೆ ಅವರ ತಲೆಗೂ ಬಂತು!

"ಯಾವುದೇ ಬಗೆಯ ವೇಗ ಪರೀಕ್ಷೆ" ಅನ್ನೋ ಮಾತಿದೆಯಲ್ಲ, ಅದು ಬಹಳ ಅಗಲವಾದ ಬಲೆ. ಇಬ್ಬರು ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ "ಅಯ್ಯನಕೆರೆ ಏರಿಗೆ ಯಾರು ಮೊದಲು ಮುಟ್ಟುತ್ತಾರೋ ನೋಡೇಬಿಡೋಣ" ಅಂತ ಹೊರಟರೂ ಅದರೊಳಗೆ ಬೀಳುತ್ತಾರೆ. ಹಾಗೆ ನೋಡಿದರೆ ನಮ್ಮೂರಿನ ಎಷ್ಟು ದೊಡ್ಡ ಮನುಷ್ಯರು ಆ ಕಾಲದಲ್ಲಿ ಜೈಲು ಸೇರಬೇಕಿತ್ತೋ! ಜಾವಾ, ಎಜ್ಡಿ ಕಾಲ ಅದು. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿತು, ಅದರ ಶಬ್ದ ಮಾತ್ರ ನಮ್ಮ ಪ್ರಾಯದವರ ಕಿವಿಯಿಂದ ಹೋಗಿಲ್ಲ. ಆ ಗಾಡಿಯಲ್ಲಿ ಕಿಕ್ ಹೊಡೆಯುವ ಕಡ್ಡಿಯೇ ಗೇರ್ ಹಾಕುವ ಕಡ್ಡಿ. ಎಡಗಾಲಲ್ಲಿ ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ಮಡಿಸಿ, ಮತ್ತೆ ಅದರಲ್ಲೇ ಗೇರ್ ಹಾಕಬೇಕು. ಬೇರೆ ಬೈಕ್ ಓಡಿಸಿ ರೂಢಿಯಾದವನು ಜಾವಾ ಹತ್ತಿದರೆ ಬಲಗಾಲಲ್ಲಿ ಕಿಕ್ಕರ್ ಹುಡುಕುತ್ತಾ ಗಾಳಿಗೆ ಒದೆಯುತ್ತಿದ್ದ, ಕಟ್ಟೆ ಮೇಲೆ ಕೂತವರಿಗೆ ಪುಕ್ಕಟೆ ನಗು. ರೇಸು ಅಂತ ಯಾರೂ ಅನ್ನುತ್ತಿರಲಿಲ್ಲ, "ಹಿಂಗೆ ಹೋಗಿ ಹಂಗೆ ಬರೋದು" ಅಷ್ಟೇ. ಎದುರಿಗೆ ಬರೋದು ಒಂದೋ ಎರಡೋ ಬಸ್ಸು, ಬಿಟ್ಟರೆ ಎತ್ತಿನ ಗಾಡಿ. ಆಗ ರಸ್ತೆ ಮುಚ್ಚುವ ಪ್ರಶ್ನೆಯೇ ಇರಲಿಲ್ಲ, ತಾನಾಗೇ ಖಾಲಿ ಇರುತ್ತಿತ್ತು, ಅಲ್ವಾ?

ಇರಲಿ. ಸರ್ಕಾರ ಒಪ್ಪಿ ಕಾಗದ ಕೊಟ್ಟಿತು ಅಂತಲೇ ಇಟ್ಟುಕೊಳ್ಳಿ. ರಸ್ತೆ ಮುಚ್ಚುವುದು ಮತ್ತೊಂದು ಕಥೆ. ಅದಕ್ಕೆ ಅದೇ ಕಾಯ್ದೆಯ 115ನೇ ಕಲಂ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಕುಸಿದಾಗ ಪೇಪರಿನಲ್ಲಿ ಬರುತ್ತಲ್ಲ, "ಜಿಲ್ಲಾಧಿಕಾರಿಗಳು ಆದೇಶಿಸಿದ್ದಾರೆ, ಭಾರಿ ವಾಹನಗಳ ಸಂಚಾರ ನಿಷೇಧಿಸಿದೆ" ಅಂತ, ಅದರ ಬೇರು ಇಲ್ಲಿರೋದು. ಸಾರ್ವಜನಿಕರ ಸುರಕ್ಷತೆಗೋ ಅನುಕೂಲಕ್ಕೋ ಒಂದು ರಸ್ತೆಯಲ್ಲಿ ವಾಹನ ಸಂಚಾರ ತಡೆಯಬಹುದು, ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, ಫಲಕ ನೆಡಬೇಕು. ಆದರೆ ಒಂದು ತಿಂಗಳು ಮೀರದ ನಿರ್ಬಂಧವಾದರೆ ರಾಜ್ಯಪತ್ರದ ಗೋಜು ಬೇಡ, ಸಂದರ್ಭಕ್ಕೆ ತಕ್ಕಷ್ಟು "ಸ್ಥಳೀಯ ಪ್ರಚಾರ" ಕೊಟ್ಟರೆ ಸಾಕು ಅಂತ ಇದೆ.

ಇಡೀ ಕಾಯ್ದೆಯಲ್ಲಿ ನನಗೆ ಬಲು ಇಷ್ಟವಾದ ಮಾತು ಇದು. ದೆಹಲಿಯಲ್ಲಿ ಕೂತು ಬರೆದವರು ಕೊನೆಗೂ ನಮ್ಮೂರಿನ ತಮಟೆಗೇ ಬಂದು ಮುಟ್ಟಿದರು ನೋಡಿ. ಹಿಂದೆಲ್ಲ ಡಂಗೂರ ಸಾರುತ್ತಿದ್ದರು. ಮೂರು ಏಟು ತಮಟೆ, ಆಮೇಲೆ "ಕೇಳ್ರಪ್ಪೋ ಕೇಳ್ರೀ", ಆಮೇಲೆ ವಿಷಯ. ವಿಷಯ ಏನೇ ಇರಲಿ, ಕೆರೆ ತೂಬು ಎತ್ತೋದಿರಲಿ, ಕಂದಾಯ ಕಟ್ಟೋದಿರಲಿ, ಕೇಳದವರು ಯಾರೂ ಉಳಿಯುತ್ತಿರಲಿಲ್ಲ. ಒಲೆ ಮುಂದಿದ್ದ ಅಜ್ಜಿಯೂ "ಏನಂತೋ ಅವಂದು?" ಅಂತ ಹೊರಗೆ ಬರುತ್ತಿದ್ದಳು. ಈಗ ಆಟೋಗೆ ಮೈಕು ಕಟ್ಟಿಕೊಂಡು ಬರುತ್ತಾರೆ. "ಸಾರ್ವಜನಿಕರ ಗಮನಕ್ಕೆ" ಅನ್ನೋ ತನಕ ಚೆನ್ನಾಗಿ ಕೇಳುತ್ತೆ, ಮುಂದಿನದು ಕೇಳುವಷ್ಟರಲ್ಲಿ ಆಟೋ ತಿರುವು ದಾಟಿರುತ್ತೆ. ಮಿಕ್ಕಿದ್ದು ವಾಟ್ಸಾಪಿನಲ್ಲಿ, ಗುಡ್ ಮಾರ್ನಿಂಗ್ ಹೂವುಗಳ ಅಡಿಯಲ್ಲಿ.

115ನೇ ಕಲಮಿನಲ್ಲಿ ಇನ್ನೊಂದು ವಿಚಿತ್ರ ಇದೆ. ಅದು ತಡೆಯೋದು ಮೋಟಾರು ವಾಹನಗಳನ್ನು ಮಾತ್ರ. ಎಮ್ಮೆಯನ್ನಲ್ಲ. ಸಂಜೆ ಐದಕ್ಕೆ ಮನೆ ಕಡೆ ಹೊರಟ ಎಮ್ಮೆ ರಸ್ತೆಗೆ ಅಡ್ಡ ನಿಂತು ಮೆಲುಕು ಹಾಕಿದರೆ ಆ ಕಲಂ ಅದಕ್ಕೆ ಏನೂ ಹೇಳುವುದಿಲ್ಲ. ಜನ, ದನಗಳನ್ನು ರಸ್ತೆಯಿಂದ ದೂರ ಇಡಬೇಕಾದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಬಾಗಿಲು ತಟ್ಟಬೇಕು. ಸಾಲದ್ದಕ್ಕೆ ನಮ್ಮದು ಈಗ ರಾಷ್ಟ್ರೀಯ ಹೆದ್ದಾರಿ 173. ಹೆದ್ದಾರಿಗಳ ಸಂಚಾರಕ್ಕೆ ಕೇಂದ್ರದವರು 2002ರಲ್ಲಿ ಬೇರೆಯೇ ಕಾಯ್ದೆ ಮಾಡಿದ್ದಾರೆ, ತಾತ್ಕಾಲಿಕವಾಗಿ ಮುಚ್ಚೋದಕ್ಕೆ ಅದರದೇ ವಿಧಿ. ಮೇಷ್ಟ್ರ ಒಂದು ಅರ್ಜಿ ಎಷ್ಟು ಆಫೀಸಿನ ಮೆಟ್ಟಿಲು ಹತ್ತಬೇಕು ಲೆಕ್ಕ ಹಾಕಿ.

ಇಷ್ಟೆಲ್ಲ ಕಾನೂನು ಇಟ್ಟುಕೊಂಡೂ ನಾವು ವರ್ಷಾ ವರ್ಷ ಯಾರನ್ನೂ ಕೇಳದೆ ರಸ್ತೆ ಮುಚ್ಚುತ್ತೇವೆ ಅನ್ನೋದು ಬಿಡಿ. ರಾಗಿ, ಹುರುಳಿ ಕಟಾವಾಗಲಿ, ಕಣ ಮಾಡೋಕೆ ಸಗಣಿ ಸಾರಿಸಿ ಗುಂಡು ಉರುಳಿಸೋರು ಈಗ ಯಾರಿದ್ದಾರೆ? ಅರ್ಧ ರಸ್ತೆಗೆ ತೆನೆ ಹರಡೋದು, ಆ ಬದಿಗೊಂದು ಈ ಬದಿಗೊಂದು ದಪ್ಪ ಕಲ್ಲು ಇಡೋದು, ಬಸ್ಸು ಲಾರಿ ಅದರ ಮೇಲೇ ಹೋಗಲಿ ಅಂತ ಕಾಯೋದು. ಬಿಟ್ಟಿ ಒಕ್ಕಣೆ. ಹುರುಳಿ ಮೇಲೆ ಬೈಕ್ ಹತ್ತಿಸಿದವನ ಗತಿ ಕೇಳಬೇಡಿ, ಕಾಳು ಚಕ್ರದಡಿ ಉರುಳಿ ನುಣ್ಣಗೆ ಜಾರಿಸುತ್ತೆ. ದಾರಿಗೆ ಅಡ್ಡಿ ಮಾಡಿದರೆ ಹಳೆಯ ದಂಡ ಸಂಹಿತೆಯಲ್ಲಿ ಇನ್ನೂರು ರೂಪಾಯಿ ದಂಡ ಇತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ ಐದು ಸಾವಿರದವರೆಗೆ ಹೋಗಿದೆ. ರೇಸಿಗೂ ಐದು ಸಾವಿರ, ರಾಗಿಗೂ ಐದು ಸಾವಿರ! ಇದು ಸರಿಯೋ ತಪ್ಪೋ ನಾನು ಹೇಳಲಾರೆ, ನಮ್ಮ ಮನೆ ಹುರುಳಿಯೂ ಅಲ್ಲೇ ಬೀಳೋದು.

ನೀವು ಕೇಳಬಹುದು, ಹಾಗಾದರೆ ಚಿಕ್ಕಮಗಳೂರಿನಲ್ಲಿ ಅಷ್ಟೊಂದು ರ‍್ಯಾಲಿ ಹೇಗೆ ನಡೆಯುತ್ತೆ ಅಂತ. ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಸುತ್ತು ಬಂದಿದೆ, ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತೂ ಬಂದು ಹೋಗಿದೆ. ಅದರ ಗುಟ್ಟು ಕಾಫಿ ತೋಟದಲ್ಲಿದೆ. ಕಾಯ್ದೆ ತಡೆಯೋದು "ಸಾರ್ವಜನಿಕ ಸ್ಥಳ"ದ ರೇಸನ್ನು, ಅಂದರೆ ಜನರಿಗೆ ಓಡಾಡುವ ಹಕ್ಕಿರುವ ಜಾಗದ ರೇಸನ್ನು. ಎಸ್ಟೇಟ್ ಒಳಗಿನ ಮಣ್ಣು ರಸ್ತೆ ಪ್ಲಾಂಟರ್ ಸ್ವತ್ತು, ಗೇಟು ಹಾಕಿ ಚಿಲಕ ಜಡಿದರೆ ಮುಗಿಯಿತು. ಅದಕ್ಕೇ ಗಡಿಯಾರ ಹಿಡಿದು ಓಡಿಸುವ ಸ್ಪೆಷಲ್ ಸ್ಟೇಜುಗಳೆಲ್ಲ ತೋಟದೊಳಗೆ, ಸಿಲ್ವರ್ ಓಕ್ ಮರಗಳ ನಡುವೆ. ನಮ್ಮ ದೇಶದಲ್ಲಿ ರೇಸು ಬೆಳೆದದ್ದೇ ಹಾಗೆ ಸಂದಿ ಹುಡುಕಿಕೊಂಡು. ಮದ್ರಾಸಿನ ಹತ್ತಿರ ಶೋಲಾವರಂ ಅಂತ ಯುದ್ಧಕಾಲದ ಹಳೆಯ ವಿಮಾನ ಪಟ್ಟಿ, ಅಲ್ಲಿ ದಶಕಗಟ್ಟಲೆ ಬೈಕೂ ಕಾರೂ ಓಡಿದವು. ನಮ್ಮಲ್ಲಿ ಕಾಫಿ ತೋಟ. ಸಖರಾಯಪಟ್ಟಣದ ದುರದೃಷ್ಟ ಏನೆಂದರೆ ನಾವು ಮಲೆನಾಡಿನ ಹೊಸ್ತಿಲಲ್ಲಿ ಕೂತ ಬಯಲುಸೀಮೆಯವರು. ತೋಟ ಅಂದರೆ ತೆಂಗು, ಅಡಿಕೆ. ಅಡಿಕೆ ಸಾಲಿನೊಳಗೆ ಯಾವ ರೇಸು ಬಿಡ್ತೀರಿ?

ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುವಾಗ ಮಾತ್ರ ರ‍್ಯಾಲಿಯವರು ಸರ್ಕಾರಿ ರಸ್ತೆಗೆ ಇಳಿಯಲೇಬೇಕು. ಆಗ ಅವರಿಗೂ ನಮಗೂ ಒಂದೇ ಕಾನೂನು. ಅವರ ಆಟದ ನಿಯಮವೇ ಅದಕ್ಕೊಂದು ಮೂಗುದಾರ ಹಾಕಿದೆ. ರಸ್ತೆಯ ಈ ತುಂಡು ದಾಟೋಕೆ ಇಷ್ಟು ನಿಮಿಷ ಅಂತ ಟೈಮ್ ಕಾರ್ಡಿನಲ್ಲಿ ಬರೆದಿರುತ್ತಾರೆ. ಜಾಗತಿಕ ರ‍್ಯಾಲಿ ನಿಯಮದ ಪ್ರಕಾರ ಒಂದು ನಿಮಿಷ ತಡವಾದರೆ ಹತ್ತು ಸೆಕೆಂಡು ದಂಡ, ಒಂದು ನಿಮಿಷ ಬೇಗ ಬಂದರೆ ಪೂರಾ ಒಂದು ನಿಮಿಷ ದಂಡ! ಮದುವೆ ಮನೆಗೆ ತಡವಾಗಿ ಬಂದವನಿಗೆ ಹೋಳಿಗೆ, ಬೇಗ ಬಂದವನಿಗೆ ಬರೀ ನೀರು ಅಂದ ಹಾಗಾಯ್ತು. ಅದಕ್ಕೇ ಮೈಯೆಲ್ಲ ಸ್ಟಿಕ್ಕರ್ ಅಂಟಿಸಿಕೊಂಡ ರ‍್ಯಾಲಿ ಕಾರು ಬೇಲಿ ಪಕ್ಕ ನಿಲ್ಲಿಸಿಕೊಂಡು, ಒಳಗಿರೋರು ವಾಚು ನೋಡುತ್ತಾ ಕೂತಿರೋದು ಕಾಣಿಸುತ್ತೆ. ದೇಶದಲ್ಲೇ ಜೋರಾಗಿ ಗಾಡಿ ಓಡಿಸೋರು ಹೊತ್ತು ಕಳೆಯೋಕೆ ಕಡಲೆಕಾಯಿ ತಿನ್ನೋದು, ಅವರ ಪಕ್ಕದಲ್ಲಿ ನಮ್ಮ ಹುಡುಗ ಮೊಪೆಡ್ಡಿನಲ್ಲಿ ಹುಲ್ಲಿನ ಹೊರೆ ಹೇರಿಕೊಂಡು ಗೆದ್ದವನ ಹಾಗೆ ಮುಂದೆ ಹೋಗೋದು. ಎಂಥ ಚಂದ!

ಮೇಷ್ಟ್ರ ಆಸೆಯನ್ನು ಅಕ್ಷರಶಃ ಈಡೇರಿಸಿದ ಊರು ಒಂದಿದೆ, ಐಲ್ ಆಫ್ ಮ್ಯಾನ್. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇರುವ ದ್ವೀಪ. ನಮ್ಮ ಕಡೂರು ತಾಲ್ಲೂಕಿಗಿಂತ ಚಿಕ್ಕದು, ಆದರೆ ಅದಕ್ಕೆ ತನ್ನದೇ ಶಾಸನಸಭೆ. ನೂರಿಪ್ಪತ್ತು ವರ್ಷದ ಹಿಂದೆ ಬ್ರಿಟನ್ನಿನಲ್ಲಿ ಗಂಟೆಗೆ 20 ಮೈಲಿ ಮಿತಿ ಇತ್ತು, ರೇಸಿಗೆ ರಸ್ತೆ ಮುಚ್ಚಲು ಅಲ್ಲಿನ ಪಾರ್ಲಿಮೆಂಟು ಒಪ್ಪಲಿಲ್ಲ. ಈ ದ್ವೀಪದವರು 1904ರಲ್ಲಿ ಕಾಯ್ದೆ ಮಾಡಿ "ಬನ್ನಿ, ನಮ್ಮಲ್ಲಿ ಮುಚ್ಚಿಕೊಡ್ತೀವಿ" ಅಂದರು. ಮೊದಲು ಕಾರು ಬಂತು, 1907ರಲ್ಲಿ ಬೈಕು ಬಂತು, ಅದೇ ಟಿಟಿ ರೇಸು. ಈಗಿನ ಸುತ್ತು 60 ಕಿಲೋಮೀಟರ್ ಮೇಲೆ ಚಿಲ್ಲರೆ. ಕಡೂರಿನಿಂದ ಹೊರಟು ಚಿಕ್ಕಮಗಳೂರು ಮುಟ್ಟಿ, ತಿರುಗಿ ಸಖರಾಯಪಟ್ಟಣಕ್ಕೆ ಬಂದಷ್ಟು. ಅದನ್ನು ಅವರು ಹದಿನೇಳು ನಿಮಿಷದೊಳಗೆ ಮುಗಿಸುತ್ತಾರೆ. ನಮ್ಮ ಬಸ್ಸು ಕಡೂರಿನ ಸ್ಟ್ಯಾಂಡಿನಿಂದ ಹೊರಗೆ ಬೀಳೋಕೇ ಅಷ್ಟು ಹೊತ್ತು ಬೇಕು.

ಅಲ್ಲಿ ರಸ್ತೆ ಮುಚ್ಚಿತು ಅಂದರೆ ಮುಚ್ಚಿತು. ಮುಂಬಾಗಿಲು ರೇಸಿನ ರಸ್ತೆಗೇ ತೆರೆಯುವ ಮನೆಯವರು ಗೇಟು ದಾಟುವ ಹಾಗಿಲ್ಲ, ದಾಟಿದರೆ ಅಪರಾಧ. ತಮ್ಮ ಕೈತೋಟದ ಗೋಡೆ ಮೇಲೆ ಕೂತು ಟೀ ಕುಡಿಯುತ್ತಾ ನೋಡಬಹುದು. ಸುತ್ತಿನ ಒಳಗಡೆ ಸಿಕ್ಕಿಬಿದ್ದವರು ರಸ್ತೆ ತೆರೆಯೋ ತನಕ ಮನಸ್ಸು ಬಂದಲ್ಲಿ ದಾಟುವ ಹಾಗಿಲ್ಲ. ಎಷ್ಟು ಹೊತ್ತಿಗೆ ಮುಚ್ಚುತ್ತೆ, ಎಷ್ಟು ಹೊತ್ತಿಗೆ ತೆರೆಯುತ್ತೆ ಅನ್ನೋದು ಮೊದಲೇ ಗೊತ್ತಿರೋದರಿಂದ ಜನ ಹಾಲು ಬ್ರೆಡ್ಡು ತಂದಿಟ್ಟುಕೊಂಡಿರುತ್ತಾರೆ. ತಲೆಮಾರುಗಳ ಅಭ್ಯಾಸ ಅದು. ಇಷ್ಟೆಲ್ಲ ಇದ್ದೂ ಆ ರಸ್ತೆಯಲ್ಲಿ ಇವತ್ತಿನವರೆಗೆ 250ಕ್ಕೂ ಹೆಚ್ಚು ಸವಾರರು ಜೀವ ಕಳೆದುಕೊಂಡಿದ್ದಾರೆ. ಇಂಗ್ಲೆಂಡಿನವರು ನೂರು ವರ್ಷ ಕೂತು ಯೋಚಿಸಿ 2017ರಲ್ಲಿ ಮುಚ್ಚಿದ ರಸ್ತೆಯ ರೇಸಿಗೆ ಕಾನೂನು ತೆರೆದರು. ಮಾರನೆ ವರ್ಷ ಕ್ಲ್ಯಾಕ್ಟನ್ ಅನ್ನೋ ಊರಿನ ಸುತ್ತ ಮೊದಲ ರ‍್ಯಾಲಿ ಆಯಿತು. ಅವಸರ ಅನ್ನೋದು ಅವರಲ್ಲಿ ಬೈಕಿಗೆ ಮಾತ್ರ, ಕಾನೂನಿಗಿಲ್ಲ.

ನಮ್ಮಲ್ಲೂ ದೊಡ್ಡ ಊರುಗಳಲ್ಲಿ ಆಗಿದೆ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಂಡೆ ಮುಚ್ಚಿ ವಿದ್ಯುತ್ ಕಾರು ಓಡಿಸಿದರು. 2024ರ ಆಗಸ್ಟ್ ಕೊನೆಗೆ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ರಾತ್ರಿ ರೇಸು ನಡೆಯಿತು, ಅದು ಮದ್ರಾಸ್ ಹೈಕೋರ್ಟಿನ ಕಟ್ಟೆ ಹತ್ತಿ ಇಳಿದ ಮೇಲೆ. ಅಲ್ಲೆಲ್ಲ ಎತ್ತರದ ಬೇಲಿ, ದೀಪ, ಸಾವಿರಾರು ಪೊಲೀಸರು, ದುಡ್ಡು. ಹಳ್ಳಿ ರಸ್ತೆ ಹಾಗಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆಯುವಾಗ ಮುಚ್ಚಿದ ರಸ್ತೆಯೊಳಗೆ ಒಂದೇ ಮನೆಯ ಮೂವರು ಬೈಕಿನಲ್ಲಿ ಬಂದುಬಿಟ್ಟರು, ಗಂಡ, ಹೆಂಡತಿ, ಮಗ. ಓಡುತ್ತಿದ್ದ ಕಾರಿಗೆ ಸಿಕ್ಕರು, ಮೂವರೂ ಉಳಿಯಲಿಲ್ಲ. ಅದನ್ನು ಓದಿದ ದಿನ ನನಗೆ ಅನ್ನಿಸಿದ್ದು ಇಷ್ಟು: ದಿನಾ ತಾನು ಓಡಾಡೋ ದಾರಿ ಇವತ್ತು ತನ್ನದಲ್ಲ ಅನ್ನೋದು ಒಬ್ಬ ಹಳ್ಳಿಗನ ತಲೆಗೆ ಹಗ್ಗ ಕಟ್ಟಿದ ಮಾತ್ರಕ್ಕೆ ಹೋಗೋದಿಲ್ಲ. "ಇಲ್ಲೇ ಪಕ್ಕದ ಮನೆಗೆ ಸ್ವಾಮೀ" ಅಂತ ಹಗ್ಗ ಎತ್ತಿಕೊಂಡು ನುಗ್ಗೋರೇ ನಾವೆಲ್ಲ. ಹೌದೋ ಅಲ್ವೋ? ಅದಕ್ಕೇ ಆ ಸ್ಥಳೀಯ ಪ್ರಚಾರದ ಮಾತನ್ನು ಕಾಟಾಚಾರಕ್ಕೆ ಬಿಡಬಾರದು ಅನ್ನೋದು ನನ್ನ ವಾದ. ಬ್ಯಾರಿಕೇಡಿಗೆ ಸುರಿಯೋ ದುಡ್ಡಿನಲ್ಲಿ ಅರ್ಧ ತೆಗೆದು ಮನೆ ಮನೆಗೆ ಹೋಗಿ ಹೇಳೋದಕ್ಕೆ ಇಡಿ. ಮುಚ್ಚೋ ಹಿಂದಿನ ವಾರ, ಹಿಂದಿನ ದಿನ, ಅವತ್ತು ಬೆಳಗ್ಗೆ. ಸಂತೆ ಯಾವತ್ತು, ಹಾಲಿನ ಡೇರಿಗೆ ಜನ ಎಷ್ಟು ಹೊತ್ತಿಗೆ ಹೋಗ್ತಾರೆ, ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ಡಯಾಲಿಸಿಸ್‌ಗೆ ಹೋಗಬೇಕು, ಇಷ್ಟು ವಿಚಾರಿಸದವನಿಗೆ ಸರ್ಕಾರ ಒಪ್ಪಿಗೆ ಪತ್ರ ಕೊಡಲೇಬಾರದು.

ಇದನ್ನೆಲ್ಲ ಬೇಲಿ ಹಿಡಿದು ಹೇಳಿದರೆ ಮೇಷ್ಟ್ರು, "ಹಂಗಾದ್ರೆ ಎತ್ತಿನ ಗಾಡಿ ಓಟವೇ ವಾಸಿ" ಅಂದರು. ಆ ಮಾತು ಒಪ್ಪಿದೆ. ಅಜ್ಜಂಪುರದ ಅಮೃತ ಮಹಲ್ ಕಾವಲಿನ ಸೀಮೆಯವರು ನಾವು, ಜೋಡೆತ್ತಿನ ಓಟ ಅಂದರೆ ಕೆಲಸ ಬಿಟ್ಟು ಹೋಗೋರು. ಅದಕ್ಕೂ ಕಾನೂನಿನ ಕಾಟ ತಪ್ಪಲಿಲ್ಲ ಬಿಡಿ. ರಾಜ್ಯದವರು ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳದ ಜತೆ ಗಾಡಿ ಓಟವನ್ನೂ ಉಳಿಸಿದರು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ನೋಡಿ, ಎತ್ತಿನವರಿಗೆ ಇರುವ ಬುದ್ಧಿ ಬೈಕಿನವರಿಗಿಲ್ಲ. ಅವರು ಓಟಕ್ಕೆ ಕೊಯ್ಲಾದ ಹೊಲ ಹುಡುಕುತ್ತಾರೆ, ಹೆದ್ದಾರಿಯನ್ನಲ್ಲ.

"ಅಲ್ರೀ, ನಮ್ಮ ಮೊಮ್ಮಗನೂ ಒಂದು ಬೈಕ್ ಕೊಡಿಸಿ ಅಂತ ಹಟ ಹಿಡಿದಿದ್ದಾನೆ. ಕಾಲೇಜಿಗೆ ಅಂತಾನೆ" ಅಂದರು ಮೇಷ್ಟ್ರು, ಧ್ವನಿ ತಗ್ಗಿಸಿ. ಹುಡುಗನಿಗೆ ಹದಿನೇಳು. ಮಾತು ಎಲ್ಲಿಂದ ಶುರುವಾಗಿತ್ತು ಅನ್ನೋದು ಆಗ ತಿಳಿಯಿತು! ಹದಿನೆಂಟು ತುಂಬದವನ ಕೈಗೆ ಗೇರ್ ಬೈಕ್ ಕೊಟ್ಟು ಅವನೇನಾದರೂ ಅಪರಾಧ ಮಾಡಿಕೊಂಡರೆ ಗಾಡಿ ಮಾಲೀಕನಿಗೋ ಪೋಷಕನಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ ಇಪ್ಪತ್ತೈದು ತುಂಬೋ ತನಕ ಲೈಸೆನ್ಸ್ ಇಲ್ಲ. ಅಷ್ಟು ಹೇಳುವಷ್ಟರಲ್ಲಿ ಮೇಷ್ಟ್ರ ಬುಟ್ಟಿಯ ದಾಸವಾಳ ಅರ್ಧ ಬಾಡಿತ್ತು.

ಅವರಿಗೆ ಹೇಳಿದ ಇನ್ನೊಂದು ಮಾತನ್ನು ನಿಮಗೂ ಹೇಳಿಬಿಡುತ್ತೇನೆ. ಮನೆಯಲ್ಲಿ ಬೈಕ್ ಇದ್ದರೆ ಅದರ ಇನ್ಶೂರೆನ್ಸ್ ಕಾಗದ ಬೀರುವಿನಿಂದ ತೆಗೆದು, ಕನ್ನಡಕ ಹಾಕಿಕೊಂಡು, ಗಾಡಿಯನ್ನು ಯಾವುದಕ್ಕೆಲ್ಲ ಬಳಸಬಹುದು ಅನ್ನೋ ಸಣ್ಣಕ್ಷರದ ಸಾಲು ಓದಿ. ಸಂಘಟಿತ ರೇಸು, ವೇಗ ಪರೀಕ್ಷೆ ಇವಕ್ಕೆ ಬಳಸಿದರೆ ಈ ಪಾಲಿಸಿ ಅನ್ವಯಿಸದು ಅಂತ ಅಲ್ಲಿ ಬರೆದಿರುತ್ತೆ. ಕೋರ್ಟಿನಲ್ಲಿ ಆ ನೆಪ ಹೇಳಿ ಕೈ ತೊಳೆದುಕೊಳ್ಳೋಕೆ ಕಂಪನಿಗೆ ಕಾಯ್ದೆಯೇ ದಾರಿ ಕೊಟ್ಟಿದೆ. ಓದಿದ ಮೇಲೆ ಕಾಗದವನ್ನು ಬೀರುವಿಗೆ ವಾಪಸ್ ಇಡಬೇಡಿ, ಹುಡುಗನ ಕೈಗೆ ಕೊಟ್ಟು ಜೋರಾಗಿ ಓದಿಸಿ.